ದನಗಾಹಿಯ ಪ್ರೇಮ ಮತ್ತು ನಮ್ಮ ಕಾಫಿ ಕಣ

ಗೆಳೆಯರೇ, ಇವತ್ತು ಅತ್ತೆ ನನ್ನನ್ನು ಕಣದಲ್ಲಿ ಒಣಗುತ್ತಿದ್ದ ಕಾಫಿಯ ಕಾವಲಿಗೆ ಕೂರಿಸಿದರು. ನಾನು ಅಮೆರಿಕದ ದನಗಾಹಿಯೊಬ್ಬನ ಇಂಗ್ಲಿಷ್ ಪ್ರೇಮಕಾದಂಬರಿ ಹಿಡಿದು ಕೂತೆ. ಮೂರನೇ ಪುಟಕ್ಕೆ ಭೇಟಿ, ಹತ್ತನೇ ಪುಟಕ್ಕೆ ಮದುವೆಯ ಮಾತು! 'ಇದು ಪ್ರೇಮವೋ, ನಮ್ಮ ಬಾಳ್ಳುಪೇಟೆಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸೋ' ಎಂದು ಬೈಯುತ್ತಲೇ ನೂರು ಪುಟ ಓದಿಬಿಟ್ಟೆ.

"ಏಯ್, ದನ ನೋಡೇ!" ಅತ್ತೆಯ ಕೂಗು. ಪಕ್ಕದ ಮನೆಯ ಎರಡು ಹಸುಗಳು ಕಾಫಿಯ ಮೇಲೆ ಆರಾಮಾಗಿ ಮಲಗಿದ್ದವು.

ಅತ್ತೆಯೇ ಅವನ್ನು ಅಟ್ಟಿ ಬಂದು, "ಅಂಥಾದ್ದೇನೈತೆ ಅದ್ರಲ್ಲಿ?" ಎಂದರು. ತಲೆ ತಗ್ಗಿಸಿ ಕಥೆ ಹೇಳಿದೆ.

"ಅವ್ನು ದಿನಾ ಅವಳ ಹಿಂದೇನೇ ತಿರುಗಿದ್ರೆ ದನ ಯಾರು ಕಾಯ್ತಾರೆ?"

ನೂರು ಪುಟ ಓದಿದ ನನಗೆ ಹೊಳೆಯದ ವಿಮರ್ಶೆ! "ಸುಮಾರಾಗೈತೆ ಅತ್ತೆ, ಬಿಡಿ," ಎಂದು ಪುಸ್ತಕ ಮುಚ್ಚಿದೆ.

"ಯಾಕ್ ಮುಚ್ತೀಯ? ಮುಂದೇನಾಯ್ತು ಓದಿ ಕನ್ನಡದಲ್ಲಿ ಹೇಳು, ಕೇಳ್ತೀನಿ," ಎಂದು ಪಕ್ಕದಲ್ಲೇ ಕೂತರು.

ಮುಂದಿನದು ಮೊದಲ ರಾತ್ರಿಯ ಅಧ್ಯಾಯ. ಅನುವಾದ ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.