ತೊಳೆಯದ ಏಪ್ರನ್

ಲಾಂಡ್ರಿ ನಡೆಸುವ ಆ ಹೆಂಗಸಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂವತ್ತು ವರ್ಷದಿಂದ ಮೊಣಕೈವರೆಗೆ ಸೋಪಿನ ನೊರೆಯಲ್ಲೇ ಬದುಕಿದವಳಾದ್ದರಿಂದ ಬೀದಿಯವರೆಲ್ಲ ನೊರೆಯಕ್ಕ ಎಂದೇ ಕರೆಯುತ್ತಿದ್ದರು. ಅಂಚೆಯವನು ಅಸಲಿ ಹೆಸರು ಹಿಡಿದು ಕೂಗಿದರೆ ಅವಳ ಗಂಡನೇ ಒಂದು ಗಳಿಗೆ ಯೋಚಿಸಿ, ಓ, ನಮ್ಮವಳೇ ಎಂದುಕೊಂಡು ಬಾಗಿಲಿಗೆ ಹೋಗುವಂತಾಗಿತ್ತು.

ಎರಡು ಹೋಟೆಲುಗಳ ಮತ್ತು ಒಂದು ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳು ಅವಳ ಕೈಯಲ್ಲೇ ಬಿಳಿಯಾಗಬೇಕಿತ್ತು. ಕಲೆ ಯಾವುದೆಂದು ಅವಳು ಮೂಸಿಯೇ ಹೇಳುತ್ತಿದ್ದಳು. ಇದು ಚಹಾ, ಇದು ತುಕ್ಕು, ಇದು ರಕ್ತ, ಇದಕ್ಕೆ ಬಿಸಿನೀರು ತಾಗಿಸಬೇಡಿ. ಗಂಡ ಇಸ್ತ್ರಿ ಮಾಡಿ ವ್ಯಾನು ಓಡಿಸುತ್ತಿದ್ದ; ನಾದಿನಿ, ಅಂದರೆ ಗಂಡನ ತಂಗಿ, ಬಟ್ಟೆ ವಿಂಗಡಿಸಿ ಮಡಿಚುತ್ತಿದ್ದಳು. ಮಕ್ಕಳಿಬ್ಬರನ್ನೂ ನೊರೆಯಕ್ಕ ಉಜ್ಜಿ ಉಜ್ಜಿಯೇ ಬೆಳೆಸಿದ್ದಳು. ಅವರು ಬೇರೆ ಸಂಸಾರ ಹೂಡಿದ ಮೇಲೂ ಅಮ್ಮ ಬರುತ್ತಾಳೆಂದು ಫೋನು ಬಂದರೆ ಮೊದಲು ಕಿವಿಯ ಹಿಂದೆ ತೊಳೆದುಕೊಳ್ಳುತ್ತಾರೆ ಎಂದು ಮನೆಯಲ್ಲಿ ನಗುವುದುಂಟು.

ಇಂಥವಳ ಮನೆಗೆ ನಾಯಿ ಬಂದದ್ದೇ ಸೋಜಿಗ. ಹೋಟೆಲಿನಿಂದ ಬಂದ ಕೊಳೆಬಟ್ಟೆಯ ಬುಟ್ಟಿಯನ್ನು ಸುರಿದಾಗ ಟವೆಲ್ಲುಗಳ ನಡುವೆ ಒಂದು ಕಂದು ಹೆಣ್ಣುಮರಿ ಉರುಳಿ ಬಿತ್ತು. ಹೇಗೆ ಹೊಕ್ಕಿತೋ ಹೋಟೆಲಿನವರಿಗೂ ಗೊತ್ತಿಲ್ಲ. ನೊರೆಯಕ್ಕ ಮೂಗು ಮುರಿದಳು, ಮೂರು ಸಲ ಸ್ನಾನ ಮಾಡಿಸಿದಳು, ಆಮೇಲೆ ಬಿಡಲಾರದೆ ಇಟ್ಟುಕೊಂಡಳು. ಬುಟ್ಟಿಯಲ್ಲಿ ಬಂದದ್ದಕ್ಕೆ ಬುಟ್ಟಿ ಎಂದೇ ಹೆಸರಾಯಿತು. ಬಟ್ಟೆ ಒಣಗಿಸುವ ಯಂತ್ರದ ಪಕ್ಕದ ಬೆಚ್ಚನೆಯ ಮೂಲೆ ಅದರದಾಯಿತು.

ಬುಟ್ಟಿ ಮೊದಲ ಸಲ ಮರಿ ಹಾಕಿದ್ದು ಎರಡು ವರ್ಷದ ಹಿಂದೆ. ಐದು ಮರಿ, ಐದೂ ಗಟ್ಟಿಮುಟ್ಟು. ನೊರೆಯಕ್ಕನ ಸಂಭ್ರಮಕ್ಕೆ ಪಾರವಿರಲಿಲ್ಲ. ಅವಳು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಪ್ರೀತಿ ತೋರಿಸಿದಳು. ಒಂದೊಂದು ಮರಿಯನ್ನೂ ಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆದಳು. ಬುಟ್ಟಿಯ ಹೊಟ್ಟೆಯನ್ನೂ ತೊಳೆದಳು. ಹಾಸಿಗೆಯನ್ನು ದಿನಕ್ಕೆ ಮೂರು ಸಲ ಬದಲಿಸಿ, ಸುಗಂಧದ ನೀರಿನಲ್ಲಿ ಅದ್ದಿ ತೆಗೆದ ಬಟ್ಟೆ ಹಾಸಿದಳು. ಬುಟ್ಟಿ ಮೂಸಿತು, ಮತ್ತೆ ಮೂಸಿತು, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು. ಮರಿಗಳು ಮೊಲೆ ಸಿಗದೆ ತಲೆ ಆಡಿಸುತ್ತಾ ಆಡಿಸುತ್ತಾ ತಣ್ಣಗಾದವು. ಮೂರನೆಯ ದಿನದ ಹೊತ್ತಿಗೆ ಒಂದೂ ಉಳಿಯಲಿಲ್ಲ.

ನಾಯಿಗಳ ಆಸ್ಪತ್ರೆಯ ಡಾಕ್ಟರಮ್ಮ ಮಿತಭಾಷಿ. ಎಲ್ಲ ಕೇಳಿಸಿಕೊಂಡು ಅವಳೆಂದದ್ದು ಇಷ್ಟು: "ಹುಟ್ಟಿದ ಮರಿಗೆ ಎರಡು ವಾರ ಕಣ್ಣು ತೆರೆಯಲ್ಲ, ಕಿವಿ ಕೇಳಲ್ಲ ನೊರೆಯಕ್ಕ. ಅಮ್ಮನ್ನ ಹುಡುಕೋದು ಬಿಸುಪು, ವಾಸನೆ ಹಿಡ್ಕೊಂಡೇ. ಅಮ್ಮನೂ ಇವು ನನ್ನವು ಅಂತ ಗುರುತು ಹಿಡಿಯೋದು ವಾಸನೆಯಿಂದಾನೇ. ಅದನ್ನ ನೀವು ತೊಳೆದುಬಿಟ್ಟಿದೀರ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೊರೆಯಕ್ಕ ಮನೆಗೆ ಬಂದು, ಮರಿಗಳು ಬಲಹೀನವಾಗಿದ್ದವಂತೆ ಎಂದು ಹೇಳಿ ಬಾಯಿ ಮುಚ್ಚಿಕೊಂಡಳು. ಗಂಡನಿಗೂ ಹೇಳಲಿಲ್ಲ. ಬುಟ್ಟಿ ಮಾತ್ರ ನಾಲ್ಕು ದಿನ ಬಿಟ್ಟು ಏನೂ ನಡೆಯದ ಹಾಗೆ ಬಂದು ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಆ ಪಾದವನ್ನು ಅಲುಗಿಸಲು ಧೈರ್ಯ ಸಾಲದೆ ಅವಳು ಅರ್ಧ ಗಂಟೆ ನಿಂತೇ ಇದ್ದಳು.

ಇನ್ನು ಮರಿಯೇ ಬೇಡ, ಗರ್ಭಕೋಶ ತೆಗೆಸಿಬಿಡೋಣ ಎಂದು ತೀರ್ಮಾನವೂ ಆಯಿತು. ಅದೂ ಇದೂ ಕೆಲಸವೆಂದು ಮುಂದೆ ಹಾಕುತ್ತಾ ಹಾಕುತ್ತಾ, ಕೊನೆಗೆ ಆಪರೇಷನ್ನಿಗೆ ದಿನ ಗೊತ್ತಾದ ವಾರವೇ ಬುಟ್ಟಿ ಬೆದೆಗೆ ಬಂತು. ಬೆದೆ ಮುಗಿಯಲಿ, ಅಲ್ಲಿಯವರೆಗೆ ಮೂರು ವಾರ ಹೊರಗೆ ಬಿಡಬೇಡಿ ಎಂದಳು ಡಾಕ್ಟರಮ್ಮ. ಮೈಯೆಲ್ಲ ಕಣ್ಣಾಗಿ ಕಾದರೂ ಒಂದು ದಿನ ವ್ಯಾನಿಗೆ ಗಂಟು ತುಂಬುವಾಗ ಹಿಂಬಾಗಿಲು ತೆರೆದಿತ್ತು. ತಿಂಗಳು ಕಳೆದ ಮೇಲೆ ಸ್ಕ್ಯಾನಿಂಗಿನಲ್ಲಿ ಪುಟ್ಟ ಪುಟ್ಟ ಎದೆಬಡಿತ ಕಂಡವು. ನೊರೆಯಕ್ಕ ಆ ಪರದೆಯನ್ನೇ ನೋಡುತ್ತಾ, "ಈ ಸಲ ಏನು ಮಾಡ್ಬೇಕು ಅಂತ ಹೇಳಿ ಡಾಕ್ಟ್ರಮ್ಮ. ಅದಕ್ಕಿಂತ ಹೆಚ್ಚಾಗಿ, ಏನು ಮಾಡಬಾರದು ಅಂತ ಹೇಳಿ," ಎಂದಳು.

ಡಾಕ್ಟರಮ್ಮ ಹೇಳಿದ್ದೆಲ್ಲ ಅವಳು ಅಚ್ಚುಕಟ್ಟಾಗಿ ಪಾಲಿಸಿದಳು. ಕೊನೆಯ ವಾರಗಳಲ್ಲಿ ಊಟ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ. ನೆರೆಮನೆಯವರು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಕೇಳದೆ ಕೊಡಲಿಲ್ಲ. ಬಸುರಿನಲ್ಲಿ ಅದನ್ನು ಸುಮ್ಮನೆ ತಿನ್ನಿಸಿದರೆ ಹಾಲೂಡುವ ಕಾಲದಲ್ಲಿ ಮೈ ಸೆಟೆದು ಅಪಾಯವಾದೀತು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಆರು ತಲೆ ಎಣಿಸಿಕೊಂಡು ಬಂದಳು. ಆಮೇಲೆ ಬೆಳಿಗ್ಗೆ ಸಂಜೆ ಜ್ವರದ ಕಡ್ಡಿ ಇಟ್ಟು ನೋಡಿದಳು. ಮೂವತ್ತೆಂಟು ಡಿಗ್ರಿಯ ಮೇಲಿದ್ದ ಮೈಶಾಖ ಮೂವತ್ತೇಳಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಹೆರಿಗೆ ಎಂದು ಲೆಕ್ಕ.

ಅದು ಇಳಿದ ಮಾರನೆಯ ಬೆಳಿಗ್ಗೆ ಬುಟ್ಟಿ ಮೂಲೆಯ ಹಳೆಯ ಹೊದಿಕೆಯನ್ನು ಕೆರೆದು ಕೆರೆದು ಗುಡ್ಡೆ ಮಾಡಿ, ಹನ್ನೊಂದಕ್ಕೆ ಮೊದಲ ಮರಿ ಹಾಕಿತು. ಒಂದು ಗಂಟೆಯ ಹೊತ್ತಿಗೆ ಐದಾದವು. ಬುಟ್ಟಿ ಸುಸ್ತಾದಾಗ ನೊರೆಯಕ್ಕ ಮರಿಯನ್ನು ಕೈಗೆ ಸಿಕ್ಕ ಬಟ್ಟೆಯಲ್ಲಿ, ಅಂದರೆ ತಾನು ತೊಟ್ಟ ಏಪ್ರನ್ನಿನಲ್ಲೇ ಒರೆಸಿ, ಅಮ್ಮನ ಮೂಗಿನ ಹತ್ತಿರ ಇಟ್ಟಳು. ನೀರು ಮುಟ್ಟಿಸಲಿಲ್ಲ. ಹೊದಿಕೆ ನೆನೆದು ಬಣ್ಣಗೆಟ್ಟಿತ್ತು, ಅವಳ ಕೈ ಅದನ್ನು ಎಳೆದುಕೊಳ್ಳಲು ತುರಿಸುತ್ತಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತಳು.

ಆರನೆಯದು ಬರಲಿಲ್ಲ. ಬುಟ್ಟಿ ತಿಣುಕಿತು, ಅರ್ಧ ಗಂಟೆ ಬಿಡದೆ ತಿಣುಕಿತು. ಏನೂ ಆಗಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, "ಇನ್ನು ಕಾಯಬೇಡಿ, ಮರಿಗಳ ಸಮೇತ ಕರ್ಕೊಂಡು ಬನ್ನಿ," ಎಂದಳು. ಐದು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿಯ ಜೊತೆ ಮಲಗಿಸಿ, ಬುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೊರೆಯಕ್ಕ ವ್ಯಾನು ಹತ್ತಿದಳು. ದಾರಿಯುದ್ದಕ್ಕೂ ಗಂಡ ಒಂದು ಹಾರ್ನೂ ಮಾಡಲಿಲ್ಲ.

"ಮರಿ ಅಡ್ಡ ಸಿಕ್ಕಿಕೊಂಡಿದೆ, ಹೊಟ್ಟೆ ಕೊಯ್ದೇ ತೆಗೀಬೇಕು," ಎಂದಳು ಡಾಕ್ಟರಮ್ಮ. "ಜೊತೆಗೇ ಗರ್ಭಕೋಶ ತೆಗೆದುಬಿಡಲಾ? ಹಾಲಿಗೇನೂ ತೊಂದರೆ ಆಗಲ್ಲ."

"ತೆಗೀರಿ."

ಹೇಳಿದ ಮೇಲೆ ಅವಳಿಗೆ ಹೊಳೆಯಿತು, ಬುಟ್ಟಿಗೆ ಇನ್ನೊಂದು ಸಲ ಎಂಬುದಿಲ್ಲ. ಇದ್ದರೆ ಈ ಆರು, ಇಲ್ಲದಿದ್ದರೆ ಇಲ್ಲ.

ಆರನೆಯದು ಉಸಿರಿಲ್ಲದೆ ಬಂತು. ಡಾಕ್ಟರಮ್ಮ ಅದರ ಬಾಯಿ ಮೂಗು ಒರೆಸಿ, ಟವೆಲ್ಲಿನಲ್ಲಿ ಬೆನ್ನು ತಿಕ್ಕಿದಳು, ತಿಕ್ಕಿದಳು, ಇನ್ನೂ ತಿಕ್ಕಿದಳು. ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ನೊರೆಯಕ್ಕನಿಗೆ ಬಾಗಿಲ ಸಂದಿಯಿಂದ ಒಂದು ಸಣ್ಣ ಕೀರಲು ದನಿ ಕೇಳಿಸಿತು. ಅವಳು ಗಂಡನ ತೋಳು ಹಿಡಿದುಕೊಂಡು ಅತ್ತಳು.

ಹೊರಡುವಾಗ ಡಾಕ್ಟರಮ್ಮ ಎಚ್ಚರಿಸಿದಳು. "ಅರಿವಳಿಕೆಯ ಮಂಪರು ಇದೆ. ಹೊಟ್ಟೆ ಎಲ್ಲಾ ಔಷಧಿ ವಾಸನೆ. ಮರಿಗಳನ್ನೂ ನಮ್ಮ ಹುಡುಗಿ ಒರೆಸಿ ಚೊಕ್ಕ ಮಾಡಿಬಿಟ್ಟಿದಾಳೆ, ಬೇಡ ಅಂತ ಅವಳಿಗೆ ಹೇಳೋಕೆ ನನಗೆ ಮರೆತುಹೋಯ್ತು. ಬುಟ್ಟಿಗೆ ಗುರುತು ಸಿಗದೆ ಹೋಗಬಹುದು. ಹೆತ್ತಾಗ ಕೆಳಗಿದ್ದ ಬಟ್ಟೆ ಇದೆಯಾ?"

"ಇದೆ. ಮನೇಲಿ ಹಾಗೇ ಇದೆ. ಮುಟ್ಟಿಲ್ಲ."

"ಅದರ ಮೇಲೇ ಮಲಗಿಸಿ. ಮೊದಲ ದಿನದ ಹಾಲು ತಪ್ಪಬಾರದು."

ಮನೆಯ ಬಾಗಿಲು ದಾಟುವಾಗಲೇ ಫಿನಾಯಿಲಿನ ವಾಸನೆ ಬಂತು. ನಾದಿನಿ ಹೆಮ್ಮೆಯಿಂದ ನಿಂತಿದ್ದಳು, ಮುಖದಲ್ಲಿ ಬೆಳಕು. ಮೂಲೆಯ ನೆಲ ಫಳಫಳ ಎನ್ನುತ್ತಿತ್ತು. ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟು.

"ಎಲ್ಲಾ ತೊಳೆದು ಇಟ್ಟಿದೀನಿ ಅತ್ತಿಗೆ. ನೀವು ಬಂದು ಬೇಜಾರು ಮಾಡ್ಕೋಬಾರದು ಅಂತ. ಆ ಹೊದಿಕೆಯಂತೂ ಎರಡು ಸಲ ಯಂತ್ರಕ್ಕೆ ಹಾಕಬೇಕಾಯ್ತು."

ಹೊದಿಕೆ ಯಂತ್ರದ ಗಾಜಿನ ಹಿಂದೆ ಗಿರಗಿರ ತಿರುಗುತ್ತಿತ್ತು. ನೊರೆಯಕ್ಕ ಬೈಯಲು ಹೊರಟಳು. ಆದರೆ ತೊಳೆಯಬೇಡ ಎಂದು ಅವಳು ನಾದಿನಿಗೆ ಹೇಳಿರಲೇ ಇಲ್ಲ. ತೊಳೆಯಬೇಡ ಎಂದು ಜೀವಮಾನದಲ್ಲಿ ಯಾರಿಗೂ ಹೇಳಿದವಳಲ್ಲ.

ಬುಟ್ಟಿಯನ್ನು ಮಲಗಿಸಿ ಮರಿಗಳನ್ನು ಹೊಟ್ಟೆಗೆ ಹಚ್ಚಿದರು. ಬುಟ್ಟಿ ತಲೆ ಎತ್ತಿ ಮೂಸಿತು. ಮತ್ತೆ ಮೂಸಿತು. ಹೊಲಿಗೆಯ ನೋವಿನಲ್ಲೂ ಕಾಲು ಎಳೆದುಕೊಂಡು ಸರಿದು, ಗೋಡೆಗೆ ಮುಖ ಮಾಡಿತು. ಆರು ಮರಿಗಳೂ ಬಿಳಿ ಬಟ್ಟೆಯ ಮೇಲೆ ತಲೆ ಆಡಿಸತೊಡಗಿದವು.

"ಆ ಸಲ ಸತ್ತಿದ್ದು ಹೀಗೇನೇ," ಎಂದಳು ನೊರೆಯಕ್ಕ. "ಬಲ ಇಲ್ಲದೆ ಸಾಯಲಿಲ್ಲ. ನಾನು ತೊಳೆದು ಸಾಯಿಸಿದ್ದು. ಯಾರಿಗೂ ಹೇಳಿರಲಿಲ್ಲ."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಕುಳಿತಳು. ಗಂಡ, ಅಳುವ ಹೆಂಡತಿಗೆ ಕಣ್ಣೊರೆಸಲು ಏನಾದರೂ ಕೊಡೋಣವೆಂದು ಅತ್ತಿತ್ತ ನೋಡಿದ. ಅವಳೇ ಏಪ್ರನ್ನಿನ ಅಂಚನ್ನು ಮುಖಕ್ಕೆ ಎತ್ತಿಕೊಳ್ಳುತ್ತಿದ್ದದ್ದು ಕಂಡು ಕೈ ಹಿಡಿದು ತಡೆದ.

"ಅದರಲ್ಲಿ ಬೇಡ ಕಣೇ. ಎಷ್ಟು ಗಲೀಜಾಗಿದೆ ನೋಡು. ಮೂವತ್ತು ವರ್ಷದಲ್ಲಿ ನಿನ್ನನ್ನ ಇಷ್ಟು ಗಲೀಜಾಗಿ ನಾನು ನೋಡೇ ಇಲ್ಲ."

ನೊರೆಯಕ್ಕ ತಲೆ ಬಗ್ಗಿಸಿ ನೋಡಿಕೊಂಡಳು. ಎದೆಯಿಂದ ಮಂಡಿಯವರೆಗೆ ಹಸಿರು, ಕಂದು, ಕೆಂಪು. ಐದು ಮರಿಗಳ ಹುಟ್ಟು ಅಷ್ಟೂ ಅಲ್ಲಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ನಾಲ್ಕು ಜನರ ಮುಂದೆ ಅದನ್ನೇ ತೊಟ್ಟು ಕುಳಿತಿದ್ದಳು, ಗೊತ್ತೇ ಆಗಿರಲಿಲ್ಲ.

ಅವಳು ಏಪ್ರನ್ ಬಿಚ್ಚಿ ನೆಲಕ್ಕೆ ಹಾಸಿದಳು. ಒಂದೊಂದೇ ಮರಿಯನ್ನು ಅದರಲ್ಲಿ ಹೊರಳಿಸಿ, ಬೆನ್ನು, ಹೊಟ್ಟೆ, ತಲೆ ಎಲ್ಲ ತಿಕ್ಕಿದಳು. ಕಲೆ ಬಿಡಿಸಿ ಬಿಡಿಸಿ ಪಳಗಿದ ಕೈ ಅದು. ಅಂಟಿಸುವುದನ್ನೂ ಅಷ್ಟೇ ಹದವಾಗಿ ಮಾಡಿತು. ಕೊನೆಗೆ ಆರನೆಯದು. ಅದನ್ನು ಏಪ್ರನ್ನಿನ ಸಮೇತ ಬುಟ್ಟಿಯ ಮೂಗಿನ ಬಳಿ ಇಟ್ಟು, ಪಕ್ಕಕ್ಕೆ ಸರಿದು ಕುಳಿತಳು.

ಬುಟ್ಟಿ ಬಟ್ಟೆಯನ್ನು ಮೂಸಿತು. ಮರಿಯನ್ನು ಮೂಸಿತು. ಮತ್ತೆ ಬಟ್ಟೆ. ಆಮೇಲೆ ಮಂಪರಿನ ನಾಲಿಗೆ ಹೊರಗೆ ಬಂದು ಮರಿಯ ಬೆನ್ನನ್ನು ಒಮ್ಮೆ ನೆಕ್ಕಿತು. ನಿಧಾನವಾಗಿ ಹೊರಳಿ, ಗೋಡೆಗೆ ಬೆನ್ನು ಮಾಡಿ, ಹೊಟ್ಟೆ ಕೊಟ್ಟಿತು.

ನೊರೆಯಕ್ಕ ಉಳಿದ ಮರಿಗಳನ್ನೂ ಹೊಟ್ಟೆಗೆ ಹಚ್ಚಿದಳು. ಆರೂ ಮೊಲೆ ಹಿಡಿದ ಸಪ್ಪಳ ಆ ಕೋಣೆಯಲ್ಲಿ ಕೇಳುತ್ತಿತ್ತು. ನಾದಿನಿ ಎದ್ದು ಹೋಗಿ ಒಗೆಯುವ ಯಂತ್ರವನ್ನು ನಿಲ್ಲಿಸಿ ಬಂದಳು. ನೊರೆಯಕ್ಕ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, "ನಿನ್ನದೇನೂ ತಪ್ಪಿಲ್ಲ, ಕಲಿಸಿದವಳು ನಾನು," ಎಂದಳು. ನಂತರ ನಾಯಿಯ ಕಡೆ ತಿರುಗಿ, ಮನುಷ್ಯರಿಗೆ ಹೇಳುವಂತೆಯೇ, "ನಿನ್ನ ಉಪಕಾರ ದೊಡ್ಡದು ತಾಯಿ," ಎಂದು ಕೈ ಮುಗಿದಳು. ಡಾಕ್ಟರಮ್ಮನಿಗೆ ಫೋನು ಮಾಡಿದಾಗಲೂ ಅದೇ ಮಾತು. ಎರಡು ವರ್ಷ ತನ್ನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡದ್ದಕ್ಕೂ ಸೇರಿಸಿ ಹೇಳಿದಳು. ಆ ಕಡೆಯಿಂದ, "ಸರಿ, ನಾಳೆ ತೂಕ ನೋಡಿ ಹೇಳಿ," ಎಂದಷ್ಟೇ ಬಂತು.

ಮರಿಗಳು ದಿನದಿನಕ್ಕೆ ತೂಕ ಏರಿದವು, ಎರಡು ವಾರಕ್ಕೆ ಕಣ್ಣು ಬಿಟ್ಟವು, ತಿಂಗಳಿಗೆ ನೊರೆಯಕ್ಕನ ಗಂಡನ ಚಪ್ಪಲಿ ಕಡಿದವು. ಎರಡು ತಿಂಗಳಿಗೆ ಐದು ಮರಿಗೆ ಮನೆ ಸಿಕ್ಕಿತು, ಎಲ್ಲರೂ ಲಾಂಡ್ರಿಗೆ ಬಟ್ಟೆ ಕೊಡುವವರೇ. ಕಷ್ಟಪಟ್ಟು ಹುಟ್ಟಿದ ಆರನೆಯದು ಮನೆಯಲ್ಲೇ ಉಳಿಯಿತು. ಅದಕ್ಕೆ ನೊರೆಯಕ್ಕ ಇಟ್ಟ ಹೆಸರು ಕೊಳೆ. ಕೊಳೆ, ಬಾರೋ ನನ್ನಪ್ಪ ಎಂದು ಅವಳು ಕೂಗುವುದನ್ನು ಮೊದಲ ಸಲ ಕೇಳಿದ ಗಿರಾಕಿಗಳು ಗಾಬರಿಯಾಗಿ ಒಳಗೆ ಇಣುಕುತ್ತಿದ್ದರು.

ಮರಿಗಳನ್ನು ಒಯ್ಯಲು ಬಂದವರಿಗೆಲ್ಲ ಅವಳು ಆ ಏಪ್ರನ್ನಿನಿಂದ ಕತ್ತರಿಸಿದ ಒಂದೊಂದು ತುಂಡು ಕೊಟ್ಟಳು. ಎರಡು ತಿಂಗಳು ಬುಟ್ಟಿ ಅದರ ಮೇಲೇ ಮಲಗಿತ್ತು. ಹೋಟೆಲಿನ ಮ್ಯಾನೇಜರು ತನ್ನ ತುಂಡನ್ನು ಎರಡು ಬೆರಳಲ್ಲಿ ಹಿಡಿದು, ಅದರ ಬಣ್ಣವನ್ನೂ ಅವಳ ಮುಖವನ್ನೂ ನೋಡಿದ. ಅವಳ ಲಾಂಡ್ರಿಯಿಂದ ಕೊಳೆಬಟ್ಟೆ ಹೊರಗೆ ಹೋದದ್ದು ಅವನು ಕಂಡವನಲ್ಲ.

"ಮರಿಯ ಪಕ್ಕದಲ್ಲಿ ಹಾಕಿ. ಅಮ್ಮನ ವಾಸನೆ ಇದ್ರೆ ಅಳಲ್ಲ," ಎಂದಳು ನೊರೆಯಕ್ಕ. ಬಾಗಿಲವರೆಗೆ ಹೋಗಿ, ಮತ್ತೆ ಕೂಗಿ ಹೇಳಿದಳು. "ತೊಳೀಬೇಡಿ ಮತ್ತೆ."