ಹೈಮನ ಹರಕೆ ಡಬ್ಬಿ

ಥಾರ್ನ್‌ಹಿಲ್ಲಿನ ಯಹೂದ್ಯರ ಪ್ರಾರ್ಥನಾ ಮಂದಿರದಲ್ಲಿ ಭಾಷಣ ಕೇಳಲು ಸೇರಿದ್ದ ಅಷ್ಟೂ ಹಿರಿಯರನ್ನು ಒಮ್ಮೆಗೇ ಕಾರ್ ಪಾರ್ಕಿಂಗಿಗೆ ಅಟ್ಟಿದ್ದು ಒಂದು ಅವಲಕ್ಕಿ ಡಬ್ಬಿ. ಸ್ಟೀಲಿನದು, ಗುಂಡಗಿನದು, ಟವೆಲ್ಲಿನಲ್ಲಿ ಬಿಗಿಯಾಗಿ ಗಂಟು ಕಟ್ಟಿದ್ದು. ಕೋಟು ನೇತುಹಾಕುವ ಕಡೆ ಬೆಂಚಿನ ಕೆಳಗೆ ವಾರಸುದಾರರಿಲ್ಲದೆ ಕೂತಿತ್ತು. ೨೦೧೪ರ ಆಗಸ್ಟ್ ಕೊನೆ. ಗಾಜಾದಲ್ಲಿ ಯುದ್ಧ ನಿಂತು ವಾರವೂ ಆಗಿರಲಿಲ್ಲ, ಎಲ್ಲರ ಜೀವವೂ ಕೈಯಲ್ಲೇ ಇತ್ತು. ಬಾಗಿಲ ಗಾರ್ಡು, ಪಂಜಾಬಿ ಸರದಾರ, ಡಬ್ಬಿ ಕಂಡವನೇ ಬಾಂಬಿರಬೇಕೆಂದು ಎಲ್ಲರನ್ನೂ ಹೊರಗೆ ಕಳಿಸಿದ.

ಅತಿಥಿಯಾಗಿ ಬಂದಿದ್ದ ಗದಿಗೆಪ್ಪನವರ ಪಕ್ಕದಲ್ಲಿ ಅಂದಿನ ಭಾಷಣಕಾರ ಹಯೀಮ್ ಪೇಣ್ಕರ್ ತಮ್ಮ ಬೂಟಿನ ತುದಿ ನೋಡುತ್ತ ನಿಂತಿದ್ದರು.

"ಲೇ ಹೈಮಾ, ಆ ಟವೆಲ್ ನಿಂದಲ್ಲೇನು?"

"ನಂದ. ಹೊರಗಿನ ಅಡಿಗಿ ಒಳಗ ತರಬಾರದಂತ ರೂಲ್ ಐತಿ. ಅದಕ್ಕ ಮುಚ್ಚಿಟ್ಟಿದ್ದೆ."

"ಹೇಳು ಮತ್ತ, ಪೊಲೀಸರಿಗೆ ಫೋನ್ ಹೋಗೋದ್ರಾಗ."

ಎಪ್ಪತ್ತು ದಾಟಿದ ಹಯೀಮ್ ಶಾಲೆ ಹುಡುಗನಂತೆ ಕೈ ಎತ್ತಿದರು. ಗಾರ್ಡು ಅವರ ಕೈಯಿಂದಲೇ ಡಬ್ಬಿ ಹೊರಗೆ ತರಿಸಿ ಮುಚ್ಚಳ ತೆಗೆಸಿದ. ತೆಂಗಿನತುರಿ, ಸಕ್ಕರೆ, ಏಲಕ್ಕಿ. ಒಡೆದದ್ದೇನಿದ್ದರೂ ತೆಂಗಿನಕಾಯಿ.

ಆ ವಾಸನೆಗೆ ಗದಿಗೆಪ್ಪನವರು ಸೀದಾ ತಾವಿಬ್ಬರೂ ಬೆಳೆದ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿಗೆ ಹೋಗಿಬಿಟ್ಟರು. ಪೇಣ್ಕರರು ಕೊಂಕಣದ ಯಹೂದಿಗಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ದೇವರ ಜೊತೆ ಹೀಬ್ರೂ. ಹಯೀಮನ ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಘಟ್ಟದಲ್ಲಿ ಗಾಡಿ ತಡವಾದರೆ ಹಯೀಮನ ಅವ್ವ ಪ್ರವಾದಿ ಎಲಿಯನಿಗೆ ಹರಕೆ ಹೊರುತ್ತಿದ್ದಳು. ಗಂಡ ಬಂದನೆಂದರೆ ಸಿಹಿ ಅವಲಕ್ಕಿಯ ಮೇಲೆ ಹಣ್ಣು ಜೋಡಿಸಿ 'ಮಲೀದಾ'. ಓಣಿಯ ಹುಡುಗರದೆಲ್ಲ ಅಂಗೈ ಮುಂದೆ. ಎಲಿಯ ಯಾರೋ ಗದಿಗೆಪ್ಪನಿಗೆ ತಿಳಿಯದು. ಅವಲಕ್ಕಿ ಕೊಡಿಸುವ ದೇವರ ಕಡೆಯವನೆಂದರೆ ಸಾಕಿತ್ತು. ಮೊದಲೇ ಕೈ ಹಾಕಿದರೆ ಮಾತ್ರ ಅವ್ವ ಫಟ್ಟನೆ ಹೊಡೆಯುತ್ತಿದ್ದಳು: "ಗಾಡಿ ಬಂದ ಮ್ಯಾಲ ಅವಲಕ್ಕಿ."

ಮುಂದೆ ಇಬ್ಬರೂ ಬೇರೆ ಬೇರೆಯಾಗಿ ಈ ಪರದೇಶಕ್ಕೆ ಬಂದರು; ಹಯೀಮ್ ರೆಕ್ಸ್‌ಡೇಲಿನ ಕಾರ್ಖಾನೆಯಲ್ಲಿ ಫಿಟ್ಟರಾದರು, ಗದಿಗೆಪ್ಪ ಮಾರ್ಕಮ್ಮಿನಲ್ಲಿ ಇಂಜಿನಿಯರಾದರು. ಒಂದೇ ಮಹಾನಗರದ ಎರಡು ಬಡಾವಣೆಗಳಲ್ಲಿದ್ದೂ ಒಬ್ಬರಿರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೂದಲು ಬೆಳ್ಳಗಾದ ಮೇಲೆ ಚೀನೀಯರ ದಿನಸಿ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದ ಇಬ್ಬರು ಮುದುಕರು ಮುಖ ಎತ್ತಿದಾಗ ಗುರುತು ಹತ್ತಿತು.

ಈಗ ಹಯೀಮರ ಮಗಳ ಮಗ ಯಹೂದಿಗಳ ದೇಶದ ಸೈನ್ಯದಲ್ಲಿ, ಗಾಜಾ ಗಡಿಯಲ್ಲಿದ್ದ. ಕದನ ನಿಂತ ಸುದ್ದಿ ಬಂದಿತ್ತು. ಹುಡುಗನ ಫೋನು ಬಂದಿರಲಿಲ್ಲ.

ಎಲ್ಲರೂ ಒಳಗೆ ಕೂತ ಮೇಲೆ ಹಯೀಮ್ ಮಾತಾಡಿದರು. ಒಬ್ಬ ಪ್ರವಾದಿ ಕತ್ತಿ ಬಡಿದು ನೇಗಿಲ ಕುಳ ಮಾಡಿರೆನ್ನುತ್ತಾನೆ, ಇನ್ನೊಬ್ಬ ಕುಳ ಬಡಿದು ಕತ್ತಿ ಮಾಡಿರೆನ್ನುತ್ತಾನೆ. ಕುಲುಮೆಯವನಿಗೆ ಪುರುಸೊತ್ತೇ ಇಲ್ಲ. ದೇವರು ಕಾಯದ ಊರನ್ನು ಕಾವಲುಗಾರ ಕಾದು ಫಲವಿಲ್ಲವೆಂದು ಕೀರ್ತನೆ ಹೇಳುತ್ತದೆ. "ಹಾಗಂತ ಕಾವಲುಗಾರ ಮಲಗಲಿ ಅಂತ ಎಲ್ಲೂ ಬರೆದಿಲ್ಲ. ನಮ್ಮಪ್ಪ ಪ್ರಾರ್ಥನೆ ಮುಗಿಸಿಯೇ ಹೊರಡುತ್ತಿದ್ದ, ಆದರೂ ಗಾಡಿಯ ಹಿಂದಿನ ದೀಪ ಮುಟ್ಟಿ ನೋಡುತ್ತಿದ್ದ. ನನ್ನ ಮೊಮ್ಮಗ ಕಾವಲಿಗಿದ್ದಾನೆ. ಬೇಲಿಯ ಆಚೆಯೂ ಒಬ್ಬ ಅಜ್ಜ ಫೋನು ಹಿಡಿದು ಕೂತಿರುತ್ತಾನೆ. ಇಬ್ಬರ ಫೋನೂ ರಿಂಗಾಗುವ ದಿನಕ್ಕೆ ನಾನು ಶಾಂತಿ ಅನ್ನುತ್ತೇನೆ." ಇಷ್ಟು ಹೇಳಿ ನೀರು ಕುಡಿದರು.

ಮಲೀದಾಕ್ಕೆ ಒಳಗೆ ಜಾಗವಿಲ್ಲ. ಗದಿಗೆಪ್ಪನವರ ಕಾರಿನ ಡಿಕ್ಕಿಯ ಮೇಲೆ ಡಬ್ಬಿ ಇಟ್ಟು, ಹಯೀಮ್ ಎಲಿಯನ ಹೆಸರು ಹೇಳಿ ಹಂಚಿದರು. ಗಾರ್ಡಿಗೂ ಒಂದು ಮುಷ್ಟಿ. ಗದಿಗೆಪ್ಪನವರು ಬಾಯಿಗಿಟ್ಟುಕೊಳ್ಳುವ ಮೊದಲು ಹಯೀಮನ ಅವ್ವನ ಏಟು ನೆನಪಾಗಿ ಕೈ ತಡೆದರು.

"ಹೈಮಾ, ಹುಡುಗ ಇನ್ನೂ ಬಂದಿಲ್ಲ, ಫೋನೂ ಮಾಡಿಲ್ಲ. ಗಾಡಿ ಬರೂ ಮೊದಲ ಹರಕಿ ತೀರ್ಸಾಕತ್ತೀಯಲ್ಲೋ. ಅಷ್ಟು ನಂಬಿಕಿ ಎಲ್ಲಿಂದ ಬಂತು ನಿನಗ?"

ಹಯೀಮ್ ಜೇಬಿನ ಫೋನು ತೆಗೆದು ನೋಡಿ ಮತ್ತೆ ಒಳಗಿಟ್ಟರು.

"ನಂಬಿಕಿ ಎಲ್ಲೀದೋ. ಸುಮ್ಮ ಒಂದು ಕಾಯಿ ಒಡದು ನೋಡಿದೆ, ಚಲೋ ಹೊಂಟ್ತು. ಈ ಊರಾಗ ಚಲೋ ಕಾಯಿ ದಿನಾ ಸಿಗ್ತಾವೇನು? ಹಳಸೂದ್ರಾಗ ತಿನ್ನು."