ಅಕ್ಷರ ಅಳಿಸಿದ ಜರ್ಮನ್ ಚಾಕು

ನಮ್ಮ ಹಿತ್ತಲಲ್ಲಿ ಒಂದು ರಸಪುರಿ ಮಾವಿನ ಗಿಡವಿದೆ. ಬುಡದಿಂದ ಮೊಳದೆತ್ತರದಲ್ಲಿ, ಕಸಿ ಕಟ್ಟಿದ ಕಡೆ, ಕಾಂಡ ಸ್ವಲ್ಪ ಊದಿಕೊಂಡು ಗಂಟಾಗಿದೆ. ಬೆಳಿಗ್ಗೆ ನೀರು ಹಾಕುವಾಗ ನನ್ನ ಕೈ ತಾನಾಗಿಯೇ ಆ ಗಂಟನ್ನು ಸವರುತ್ತದೆ. ಗಿಡದ ಮೇಲಿನ ಮಮತೆಯೆಂದು ನನ್ನ ಹೆಂಡತಿ ತಿಳಿದಿದ್ದಾಳೆ. ಮಿತ್ರರೇ, ನಿಮ್ಮಲ್ಲಿ ಮುಚ್ಚಿಡುವುದೇಕೆ? ಆ ಕಸಿಗಾಗಿ ಕೊಂಬೆಯನ್ನು ಸೀಳಿದ ಚಾಕು ನನ್ನದಾಗಬೇಕಾಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ಜರ್ಮನಿಯ ಸಾಮಾನು ಬರುವುದು ನಿಂತುಹೋಗಿದ್ದ ಕಾಲ. ಕೋಲಾರದ ಪೇಟೆಯಲ್ಲಿ ಬಾಷಾ ಸಾಹೇಬರದೊಂದು ಹಳೇ ಸಾಮಾನಿನ ಅಂಗಡಿಯಿತ್ತು. ಚಿನ್ನದ ಗಣಿಯ ಕಡೆಯಿಂದ ಸ್ವದೇಶಕ್ಕೆ ಮರಳುವ ದೊರೆಗಳು ಮಾರಿಹೋದ ಲಾಟೀನು, ಬೂಟು, ನಿಂತ ಗಡಿಯಾರಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ಸೇರುತ್ತಿದ್ದವು. ಶ್ರೀನಿವಾಸಪುರದ ಶಾಲೆಯಲ್ಲಿ ಮೇಷ್ಟರಾಗಿದ್ದ ನನಗೆ ರಜೆಯ ದಿನ ಆ ರಾಶಿಯನ್ನು ಕೆದಕುವುದೇ ಒಂದು ಹಬ್ಬ. ಅವತ್ತು ಜೊತೆಯಲ್ಲಿ ನನ್ನ ಬಾಲ್ಯದ ಗೆಳೆಯ, ಯಲ್ದೂರಿನ ಮಾವಿನ ತೋಟದ ಮುನಿವೆಂಕಟಪ್ಪನೂ ಇದ್ದ. ಹಳೆಯ ಬೀಗಗಳ ನಡುವೆ ಜಿಂಕೆಕೊಂಬಿನ ಹಿಡಿಯ ಒಂದು ಚಾಕು ನನ್ನ ಕೈಗೆ ಸಿಕ್ಕಿತು. ಹಿಡಿಯ ಮೇಲಿನ ಪುಟ್ಟ ಗುಂಡಿಯನ್ನು ಒತ್ತಿದೆ. ಟಕ್ಕೆಂದು ಅಲಗು ಹೊರಗೆ ಹಾರಿ ನಿಂತಿತು, ನನ್ನ ಎದೆಯೂ ಅದರ ಜೊತೆಗೇ ಹಾರಿತು.

"ಅಸಲಿ ಜರ್ಮನ್ ಮಾಲು ಮೇಷ್ಟ್ರೇ. ಮೂರು ರೂಪಾಯಿ. ಏಕ್ ಬಾತ್, ಒಂದೇ ಮಾತು," ಎಂದರು ಸಾಹೇಬರು.

ನಮ್ಮ ಪೇಟೆಯ ಚೌಕಾಸಿಗೆ ಒಂದು ಸಂಪ್ರದಾಯವಿದೆ. ಬೇಕಾದ ವಸ್ತುವನ್ನು ಬೇಡವೆಂಬಂತೆ ಕೆಳಗಿಟ್ಟು, ಮೂಗು ಮುರಿದು, ಹಿಂದಿರುಗಿ ನೋಡದೆ ನಡೆಯಬೇಕು. ಮೂರನೆಯ ಅಂಗಡಿ ದಾಟುವಷ್ಟರಲ್ಲಿ ವ್ಯಾಪಾರಿ ಕೂಗಿ ಕರೆಯಬೇಕು. ನಾನೂ ಶಾಸ್ತ್ರೋಕ್ತವಾಗಿ ಮೂಗು ಮುರಿದು ನಡೆದೆ. ಮೂರನೆಯ ಅಂಗಡಿ ದಾಟಿತು, ಐದನೆಯದೂ ದಾಟಿತು, ಯಾರೂ ಕರೆಯಲಿಲ್ಲ. ಮಾನ ಬಿಟ್ಟು ತಿರುಗಿ ಬಂದರೆ ಮುನಿವೆಂಕಟ ಕೇಳಿದಷ್ಟು ಕೊಟ್ಟು ಚಾಕುವನ್ನು ಜೇಬಿಗಿಳಿಸುತ್ತಿದ್ದಾನೆ!

"ನೀನು ಬ್ಯಾಡ ಅಂತ ಹೋದ್ಯಲ್ಲೋ ಸೀನಾ," ಎಂದ, ಹಸುವಿನಂಥ ಕಣ್ಣು ಬಿಟ್ಟುಕೊಂಡು. "ಕಸಿ ಕಟ್ಟೋವಾಗ ಒಂದು ಕೈ ಕೊಂಬೆ ಬಗ್ಗಿಸ್ಕೊಂಡಿರ್ತದೆ. ಇದಾದ್ರೆ ಇನ್ನೊಂದು ಕೈಲೇ ಬಿಚ್ಕೋಬಹುದು ಕಣೋ."

ರೈಲಿನಲ್ಲಿ ಊರು ಮುಟ್ಟುವವರೆಗೂ ಅವನು ಅದನ್ನು ಟಕ್ಕೆನಿಸುತ್ತ, ಮಡಿಸುತ್ತ, ಮತ್ತೆ ಟಕ್ಕೆನಿಸುತ್ತ ಕುಳಿತಿದ್ದ. ಒಂದೊಂದು ಟಕ್ಕಿಗೂ ನನ್ನ ಹೊಟ್ಟೆಯಲ್ಲಿ ಒಂದೊಂದು ಕೊಳ್ಳಿ ಹೊತ್ತಿಕೊಳ್ಳುತ್ತಿತ್ತು. ಬಾಲ್ಯದಿಂದಲೂ ಲೆಕ್ಕದಲ್ಲಿ, ಓದಿನಲ್ಲಿ, ಮಾತಿನಲ್ಲಿ ಇವನನ್ನು ಹಿಂದೆ ಹಾಕಿದ್ದ ನನಗೆ ಈ ಸೋಲು ನುಂಗಲಾರದ ತುತ್ತಾಯಿತು. ಚಾಕುವಿನಿಂದ ನನಗೆ ಆಗಬೇಕಾದ ಕೆಲಸವಾದರೂ ಏನು, ಪೆನ್ಸಿಲು ಕೆತ್ತುವುದು! ಹಾಗೆಂದು ಬುದ್ಧಿ ಎಷ್ಟು ಹೇಳಿದರೂ ಹೊಟ್ಟೆ ಕೇಳಲಿಲ್ಲ.

ವಾರ ಕಳೆದ ಮೇಲೆ ಮುನಿವೆಂಕಟ ಚಾಕು ಹಿಡಿದು ನಮ್ಮ ಮನೆಗೇ ಬಂದ. "ನೀನು ಇಂಗ್ಲೀಷು ಓದಿರೋನು. ಇದು ಅಸಲೋ ನಕಲೋ, ಏನು ಬಾಳ್ತದೆ, ನೋಡಿ ಹೇಳು," ಎಂದ.

ನೋಡಿದೆ. ಅಲಗಿನ ಬುಡದಲ್ಲಿ ಸೂಕ್ಷ್ಮವಾಗಿ ಕೆತ್ತಿದ್ದ ಊರಿನ ಹೆಸರು ಸೋಲಿಂಗೆನ್, ಕತ್ತಿ-ಚಾಕುಗಳಿಗೆ ಹೆಸರಾದ ಜರ್ಮನಿಯ ಊರು. ನಮ್ಮ ಕ್ಷೌರಿಕ ಯಾರ ಕೈಗೂ ಕೊಡದೆ ಕಾಪಾಡುತ್ತಿದ್ದ ಕತ್ತಿಯ ಮೇಲೆ ಇದ್ದದ್ದೂ ಅದೇ ಹೆಸರು. ಹಿಡಿಯ ಒಳಗಡೆ ಹಿತ್ತಾಳೆಯ ತಗಡು, ಕೂದಲೆಳೆಯಷ್ಟೂ ಸಂದಿಲ್ಲದ ಜೋಡಣೆ. ಸೂಜಿಯೊಂದನ್ನು ಕಾಯಿಸಿ ಹಿಡಿಯ ಮೂಲೆಗೆ ಮುಟ್ಟಿಸಿದೆ. ಕೂದಲು ಸುಟ್ಟ ವಾಸನೆ ಬಂತು. ಅಪ್ಪಟ ಕೊಂಬು. ಪರೀಕ್ಷೆಯನ್ನೆಲ್ಲ ಇಷ್ಟು ಪ್ರಾಮಾಣಿಕವಾಗಿ ಮಾಡಿದ ನಾನು ತೀರ್ಪನ್ನು ಮಾತ್ರ ಹೊಟ್ಟೆಕಿಚ್ಚಿಗೆ ಒಪ್ಪಿಸಿದೆ.

"ನಕಲಿ ಕಣೋ. ಹಿಡಿ ಎಂಥದೋ ಅರಗು. ಅಕ್ಷರ ಯಾರೋ ಆಮೇಲೆ ಕೆತ್ತಿದ್ದಾರೆ. ಎಂಟಾಣೆ ಬಾಳಿದರೆ ಹೆಚ್ಚು. ಬೇಕಾದರೆ ನಾನೇ ಇಟ್ಟುಕೊಳ್ಳುತ್ತೇನೆ, ಪೆನ್ಸಿಲಿಗಾಯಿತು."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ಹೋಗ್ಲಿ ಬಿಡು," ಎಂದು ಚಾಕು ಮಡಿಸಿಕೊಂಡು ಹೊರಟುಹೋದ.

ಮಳೆ ಹಿಡಿದ ಮೇಲೆ ಯಲ್ದೂರಿನ ಅವನ ತೋಟಕ್ಕೆ ಹೋದೆ. ಮರದಡಿಯ ಅಟ್ಟಣೆಯ ಮೇಲೆ ಕುಂಡದ ಸಸಿಗಳನ್ನು ಸಾಲಾಗಿಟ್ಟುಕೊಂಡು, ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಬಲಗೈಯಲ್ಲಿ ಟಕ್ಕೆನಿಸಿದ. ಸಸಿಗೊಂದು ಕೊಂಬೆಗೊಂದು ಗಾಯ ಮಾಡಿ, ಗಾಯಕ್ಕೆ ಗಾಯ ಸೇರಿಸಿ ಬಾಳೆಯ ನಾರಿನಿಂದ ಬಿಗಿದ. ಅವನು ಕೆಳಗಿಟ್ಟ ಚಾಕುವನ್ನು ಆಸೆಯಿಂದ ಎತ್ತಿಕೊಂಡು ನೋಡಿದರೆ, ಸಾಣೆಯವನ ಕಲ್ಲಿಗೆ ಕೊಟ್ಟು ಊರಿನ ಹೆಸರನ್ನು ಪೂರ್ತಿ ಉಜ್ಜಿಸಿಬಿಟ್ಟಿದ್ದ! ಬೆಲೆಯೆಲ್ಲ ಇದ್ದದ್ದೇ ಆ ಅಕ್ಷರಗಳಲ್ಲಿ. ನನ್ನ ಸುಳ್ಳನ್ನು ನಂಬಿ ಹೀಗೆ ಮಾಡಿದನಲ್ಲ ಎಂದು ಸಂಕಟವಾಯಿತು. ಇನ್ನು ಯಾರೂ ಇದನ್ನು ಜರ್ಮನಿಯದೆಂದು ಗುರುತಿಸಲಾರರು ಎಂಬ ಸಣ್ಣ ಸಮಾಧಾನವೂ ಆಯಿತೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಅವತ್ತು ಕಟ್ಟಿದ ಸಸಿಗಳಲ್ಲೊಂದನ್ನು, ಕಸಿ ಕೂಡಿದ ಮೇಲೆ, ತಾನೇ ತಲೆಯ ಮೇಲೆ ಹೊತ್ತು ತಂದು ನಮ್ಮ ಹಿತ್ತಲಲ್ಲಿ ನೆಟ್ಟು ಹೋದ.

ಯುದ್ಧ ಮುಗಿಯಿತು, ಗಿಡ ಮೊದಲ ಫಲ ಬಿಟ್ಟಿತು. ಹಣ್ಣು ತಿನ್ನಲು ಅವನನ್ನೇ ಕರೆದೆ. ಹೋಳು ಕೊಯ್ದು ವಾಟೆಯನ್ನು ಅವನ ಕೈಗಿಟ್ಟು, ಇಷ್ಟು ವರ್ಷ ನಾನು ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ.

ಮುನಿವೆಂಕಟ ವಾಟೆ ಚೀಪುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಾಯ್ತು ಕಣೋ. ಸೂಜಿ ಮುಟ್ಟಿಸ್ದಾಗ ವಾಸನೆ ನನ್ನ ಮೂಗಿಗೂ ಬಂತಲ್ಲ. ಎತ್ತು ಸಾಕೋನಿಗೆ ಕೊಂಬು ಸುಟ್ಟ ವಾಸನೆ ತಿಳಿಯಾಕಿಲ್ವಾ?"

"ಮತ್ತೆ ಅಕ್ಷರ ಯಾಕೆ ಉಜ್ಜಿಸಿದೆಯೋ?"

"ಅದು ಇರೋಗಂಟ ನೀನು ನನ್ನ ಮುಖ ನೋಡಿ ಮಾತಾಡ್ತಿರ್ಲಿಲ್ಲ, ಜೇಬು ನೋಡಿ ಮಾತಾಡ್ತಿದ್ದೆ. ಚಾಕು ಕೊಟ್ಬಿಡಾನ ಅಂದ್ರೆ ಕಸಿಗೆ ಬೇಕು. ಅಕ್ಷರ ಕಸಿಗೆ ಬೇಕಾಗಿರ್ಲಿಲ್ಲ."

ವಾಟೆಯನ್ನು ಬೇಲಿಯಾಚೆ ಎಸೆದು ಅವನು ಕೈ ತೊಳೆಯಲು ಎದ್ದ. ಚಾಕುವಿನ ಮೇಲಿನ ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು. ಆದರೆ ಮಿತ್ರರೇ, ಒಬ್ಬ ಗೆಳೆಯನಿಗಾಗಿ ತನ್ನ ವಸ್ತುವಿನ ಬೆಲೆಯನ್ನು ಸಾಣೆಕಲ್ಲಿಗೆ ಕೊಡಬಲ್ಲ ಆ ಮನಸ್ಸಿನ ಮೇಲೆ ಹೊಸದೊಂದು ಹತ್ತಿಕೊಂಡಿದೆ, ಅದಿನ್ನೂ ಆರಿಲ್ಲ. ಬೆಳಿಗ್ಗೆ ನೀರು ಹಾಕುವಾಗ ಗಿಡದ ಗಂಟನ್ನು ಸವರುತ್ತೇನೆ. ಆ ಗಂಟಿನಲ್ಲಿ ಅವನು ಮಾಡಿದ ಗಾಯ ಎಲ್ಲಿತ್ತೆಂದು ಬೆರಳಿಗೆ ಈಗ ತಿಳಿಯುವುದೇ ಇಲ್ಲ.